ಕಕ್ಷೆಯ ಕಳೆ

ಯಕ್ಷಗಾನದ ವೇಷಧಾರಿ ಬಿಗಿಯುವ ವೀರಗಚ್ಚೆಗೂ ಹಾಸನದವರು ಕಾಯುವ ಉಪಗ್ರಹದ ಕಕ್ಷೆಗೂ ಮೂಲ ಒಂದೇ. ಸಂಸ್ಕೃತದ ‘ಕಕ್ಷ್ಯಾ’ ಎಂದರೆ ನಡುವಿಗೆ ಸುತ್ತಿ ಬಿಗಿದ ಪಟ್ಟಿ. ಆನೆಯ ಹೊಟ್ಟೆಗೆ ಬಿಗಿಯುವ ಹಗ್ಗವೂ ಅದೇ, ಕುದುರೆಯ ತಂಗವೂ ಅದೇ. ಋಗ್ವೇದದಲ್ಲಿ ಇಂದ್ರನ ಕುದುರೆಗಳಿಗೆ ಒಂದು ವಿಶೇಷಣವಿದೆ: ಕಟ್ಟಿದ ಪಟ್ಟಿ ತುಂಬಿಬರುವಷ್ಟು ಮೈ ಕೈ ತುಂಬಿಕೊಂಡಂಥವು ಎಂದು. ಲಕ್ಷ್ಮಿ ಲಚ್ಚಿಯಾದ ದಾರಿಯಲ್ಲೇ ಕಕ್ಷ್ಯೆಯೂ ಪ್ರಾಕೃತದವರ ಬಾಯಲ್ಲಿ ಸವೆದು ನಮ್ಮಲ್ಲಿಗೆ ಬರುವಾಗ ಕಚ್ಚೆಯಾಗಿತ್ತು. ತದ್ಭವ ಸೊಂಟದಲ್ಲೇ ಉಳಿಯಿತು, ತತ್ಸಮ ಆಕಾಶಕ್ಕೆ ಹೋಯಿತು. ‘ಕಚ್ಚೆಹರುಕ’ ಎಂದು ಬೈಯುವವರಿಗೆ ತಾವು ಖಗೋಳದ ಪದವೊಂದರ ದಾಯಾದಿಯನ್ನು ಬಳಸುತ್ತಿದ್ದೇವೆಂಬ ಅರಿವು ಇರಲಿಕ್ಕಿಲ್ಲ.

ಸುತ್ತು, ಬಿಗಿತ, ಎಲ್ಲೆ. ಪದದ ಈ ಮುಖ ಸುಲಭವಾಗಿಯೇ ತಿಳಿಯುತ್ತದೆ. ಇನ್ನೊಂದು ಮುಖ ಹೆಚ್ಚು ಕಾಡಿನದು. ‘ಕಕ್ಷ’ ಎಂದರೆ ಅಡಗಿ ಕೂರುವ ಪೊದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಎಲ್ಲವೂ ತಲೆಕೆಳಗಾಗುವ ಒಂದು ಚಿತ್ರ ಬರುತ್ತದೆ. ಅಲ್ಲಿ ನರಿಯೊಂದು ಹಂದಿಯನ್ನು ಕಕ್ಷದಿಂದ ಹೊರಗಟ್ಟುತ್ತದೆ. ಲಂಟಾನದ ಹಿಂಡಿನೊಳಗೆ ಹಗಲೆಲ್ಲ ಮಲಗಿದ್ದು ರಾತ್ರಿ ಗದ್ದೆಗೆ ಇಳಿಯುವ ಕಾಡುಹಂದಿಯ ಕಾಟ ಉಂಡ ಕಳಸ, ಮೂಡಿಗೆರೆ ಕಡೆಯವರಿಗೆ ಈ ಪದಕ್ಕೆ ಟೀಕೆ ಬೇಕಾಗಿಲ್ಲ. ಮುಂದೆ ಕಕ್ಷ ಎಂದರೆ ಒಣಗಿದ ಹುಲ್ಲು, ಒಣಗಿ ನಿಂತ ಕುರುಚಲು ಎಂದೂ ಆಯಿತು. ಅರಗಿನ ಮನೆಗೆ ಹೊರಟ ಧರ್ಮರಾಯನಿಗೆ ವಿದುರ ಗೂಢಭಾಷೆಯಲ್ಲಿ ಎಚ್ಚರಿಕೆ ಹೇಳುತ್ತಾನಲ್ಲ, ಅಲ್ಲಿ ಬೆಂಕಿಯನ್ನು ಹೆಸರಿಟ್ಟು ಕರೆಯದೆ ‘ಕಕ್ಷವನ್ನು ಕೊಲ್ಲುವಂಥದು’ ಎನ್ನುತ್ತಾನೆ. ಬಿಲ ತೋಡಿ ಬದುಕಿ ಎಂಬ ಸೂಚನೆಯೂ ಆ ಮಾತಿನಲ್ಲೇ ಅಡಗಿದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಮನುಸ್ಮೃತಿಯ ಏಳನೆಯ ಅಧ್ಯಾಯದ ಒಂದು ಮಾತು. ರಾಜ ಹೇಗಿರಬೇಕೆಂದರೆ, ಪೈರನ್ನು ಉಳಿಸಿ ಕಕ್ಷವನ್ನು ಕಿತ್ತುಹಾಕುವವನ ಹಾಗೆ ಎಂದು ಅಲ್ಲಿದೆ. ಇಲ್ಲಿ ಕಕ್ಷ ಪೊದೆಯಲ್ಲ, ಒಣಹುಲ್ಲೂ ಅಲ್ಲ, ನೇರವಾಗಿ ಕಳೆ. ಪೊದೆಯ ಕಕ್ಷವೂ ಕಂಕುಳು ಎಂಬ ಅರ್ಥದ ಕಕ್ಷವೂ ಬೇರೆಬೇರೆ ಪದಗಳೆಂದು ನಿಘಂಟುಕಾರರು ಬಿಡಿಸಿಡುವುದುಂಟು, ಅದು ಅವರ ಕೆಲಸ. ಆದರೆ ಓದುಗನ ಕಿವಿಗೆ ಒಂದೇ ಸದ್ದಿನಲ್ಲಿ ಆಕಾಶದ ಹಾದಿಯೂ ಹೊಲದ ಕಳೆಯೂ ಒಟ್ಟಿಗೆ ಕೇಳಿಸುತ್ತವೆ. ಅಂತರಿಕ್ಷದಲ್ಲಿ ಈಗ ಸತ್ತ ಉಪಗ್ರಹಗಳಿಂದ, ಅವುಗಳ ಚೂರುಗಳಿಂದ ಎದ್ದಿರುವ ತೊಂದರೆಯನ್ನು ನೋಡಿದರೆ ಇದಕ್ಕಿಂತ ತಕ್ಕ ಪದ ಬೇಕೆಂದು ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಬಾಬಾಬುಡನ್‌ಗಿರಿಯ ತಪ್ಪಲಿನ ಕಾಫಿ ತೋಟಗಳಲ್ಲಿ ಕಳೆ ಹೊಡೆಸುವುದು ವರ್ಷದ ಲೆಕ್ಕಪುಸ್ತಕದಲ್ಲಿ ಕಾಯಂ ಕಾಲಂ. ಮರಗಸಿ, ಗೊಬ್ಬರ, ಕೊಯ್ಲು, ಅವುಗಳ ನಡುವೆ ಕಳೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಮೋಕಾದಿಂದ ಏಳು ಬೀಜ ತಂದು ಇಲ್ಲಿ ಬಿತ್ತಿದರೆಂಬ ಕಥೆ ಎಲ್ಲರ ಬಾಯಲ್ಲೂ ಇದೆ. ಹಾಗೆ ಹೊರಗಿನಿಂದ ಬಂದದ್ದು ಕಾಫಿಯೊಂದೇ ಅಲ್ಲ. ಲಂಟಾನವೂ ಸಮುದ್ರ ದಾಟಿ ಬಂತು, ಎಲ್ಲಿಂದಲೋ ಬಂದು ಎಲ್ಲೆಂದರಲ್ಲಿ ಹರಡಿದ ಇನ್ನೊಂದು ಗಿಡಕ್ಕೆ ಮಲೆನಾಡಿಗರು ‘ಕಮ್ಯುನಿಸ್ಟ್ ಗಿಡ’ ಎಂದೇ ಹೆಸರಿಟ್ಟರು. ಕನ್ನಡದ ‘ಕಳೆ’ಯಂತೂ ತನ್ನ ಕೆಲಸವನ್ನು ಹೆಸರಿನಲ್ಲೇ ಹೊತ್ತಿದೆ. ಕಳೆಯಬೇಕಾದ್ದು ಕಳೆ, ಕ್ರಿಯಾಪದವೇ ನಾಮಪದ. ಚಂದ್ರನ ಕಳೆ, ಮುಖದ ಕಳೆ ಬೇರೆ. ಅವು ಸಂಸ್ಕೃತದ ಕಲೆಯಿಂದ ಬಂದವು.

ಈಗ ಕಕ್ಷ್ಯೆಯ ಮೂರನೆಯ ಅರ್ಥಕ್ಕೆ ಬರೋಣ. ಸುತ್ತಿದ ಪಟ್ಟಿ ಎಂಬುದು ಸುತ್ತಿದ ಗೋಡೆಯಾಯಿತು, ಗೋಡೆ ಸುತ್ತುವರಿದ ಜಾಗವೂ ಆಯಿತು. ಅರಮನೆಯಲ್ಲಿ ಹೊರಗಿನಿಂದ ಒಳಕ್ಕೆ ಒಂದೊಂದಾಗಿ ದಾಟುವ ಅಂಗಳಗಳಿಗೆ ಕಕ್ಷ್ಯೆಗಳೆಂದು ಹೆಸರು. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ರಾಮ ತಂದೆಯನ್ನು ಕಾಣಲು ಹೋಗುವಾಗ ಬಿಲ್ಲಾಳುಗಳು ಕಾವಲಿರುವ ಮೂರು ಕಕ್ಷ್ಯೆಗಳನ್ನು ಕುದುರೆ ಹೂಡಿದ ರಥದಲ್ಲಿ ದಾಟುತ್ತಾನೆ, ಉಳಿದೆರಡನ್ನು ಕಾಲ್ನಡಿಗೆಯಲ್ಲಿ. ಎಲ್ಲಿಯವರೆಗೆ ವಾಹನ, ಎಲ್ಲಿಂದ ನಡಿಗೆ ಎಂಬುದಕ್ಕೆ ರಾಜಕುಮಾರನಿಗೂ ಒಂದು ಕಟ್ಟಳೆ. ಮುಳ್ಳಯ್ಯನಗಿರಿಗೆ ಹತ್ತುವ ಕಾರುಗಳಿಗೆ ಹೊತ್ತಿಗಿಷ್ಟೆಂದು ಮಿತಿ ಹಾಕಿ ಮುಂಗಡ ನೋಂದಣಿ ಮಾಡಿಸಿಕೊಳ್ಳುವ ಈ ಕಾಲದಲ್ಲಿ ಅದು ಹಳೆಯ ಕಥೆಯೆನಿಸುವುದಿಲ್ಲ. ಹಿಂದಿಯವರು ಇಂದಿಗೂ ಕೋಣೆಗೆ ‘ಕಕ್ಷ’ ಎನ್ನುತ್ತಾರೆ, ತರಗತಿಗೆ ‘ಕಕ್ಷಾ’. ಅದು ಈ ಅಂಗಳದ ಅರ್ಥದಿಂದಲೇ ಹೋದದ್ದು.

ಆಕಾಶಕ್ಕೆ ಪದ ಏರಿದ್ದು ಜ್ಯೋತಿಷಿಗಳ ಕೈಯಲ್ಲಿ. ಕ್ರಿ.ಶ. 499ರ ಲೆಕ್ಕ ಹೇಳುವ ಆರ್ಯಭಟ ತನ್ನ ಕಾಲಕ್ರಿಯಾಪಾದದಲ್ಲಿ ಗ್ರಹಗಳು ಕಕ್ಷ್ಯಾಮಂಡಲದಲ್ಲೂ ಪ್ರತಿಮಂಡಲದಲ್ಲೂ ತಿರುಗುತ್ತವೆ ಎನ್ನುತ್ತಾನೆ. ಭೂಮಿಯನ್ನು ನಡುವಿಟ್ಟು ಎಳೆದ ವೃತ್ತ ಕಕ್ಷ್ಯಾಮಂಡಲ. ನಡು ಸರಿಸಿ ಎಳೆದದ್ದು ಪ್ರತಿಮಂಡಲ. ಸೂರ್ಯಸಿದ್ಧಾಂತ ಇನ್ನೂ ಮುಂದೆ ಹೋಗಿ ಚಂದ್ರನ ಕಕ್ಷೆ 3,24,000 ಯೋಜನ ಎಂದು ಹೇಳಿ, ಆಕಾಶಕ್ಕೇ ಒಂದು ಕಕ್ಷೆ ಕಟ್ಟುತ್ತದೆ: 18,71,20,80,86,40,00,000 ಯೋಜನ. ಒಂದು ಕಲ್ಪದ ಅವಧಿಯಲ್ಲಿ ಪ್ರತಿಯೊಂದು ಗ್ರಹವೂ ಓಡಿ ಮುಗಿಸುವ ದೂರ ಅದು, ಸೂರ್ಯನ ಬೆಳಕು ಅಲ್ಲಿಯವರೆಗೆ. ಲೆಕ್ಕ ಸರಿಯೇ ಎಂಬುದು ಬೇರೆ ಮಾತು. ಇಷ್ಟು ದೊಡ್ಡ ಸಂಖ್ಯೆ ಬರೆದವರೂ ಆಕಾಶವನ್ನು ಬಯಲಿಗೆ ಬಿಡಲಿಲ್ಲ, ಅದಕ್ಕೂ ನಡುಪಟ್ಟಿ ಕಟ್ಟಿದರು ಎಂಬುದನ್ನು ನೋಡಬೇಕು. ಕಕ್ಷೆ ಎಂದಕೂಡಲೇ ಎಲ್ಲೆಯುಳ್ಳ ಜಾಗ ಎಂಬ ಭಾವ ಅವರಿಗೆ ಪದದಿಂದಲೇ ಬರುತ್ತಿತ್ತು.

ನಾವು ಆ ಭಾವವನ್ನು ಕಳೆದುಕೊಂಡೆವು. ‘ಬಾಹ್ಯಾಕಾಶ’ ಎಂಬ ಪದ ಚಾಲ್ತಿಗೆ ಬಂದಮೇಲೆ ಮೇಲಿರುವುದೆಲ್ಲ ಹೊರಗು, ಹೊರಗಿರುವುದೆಲ್ಲ ಯಾರದೂ ಅಲ್ಲದ್ದು ಎಂಬ ಸಡಿಲ ಬುದ್ಧಿ ಬಂತು. ಉಪಗ್ರಹಗಳು ಸುತ್ತುವುದು ಅಪಾರ ಶೂನ್ಯದಲ್ಲಲ್ಲ. ಬಹುಪಾಲು ಉಪಗ್ರಹಗಳು ನೆಲದಿಂದ 400 ಕಿ.ಮೀ.ಗೂ 1,200 ಕಿ.ಮೀ.ಗೂ ನಡುವಿನ ತೆಳು ಪದರದಲ್ಲಿವೆ, ಇನ್ನೊಂದಷ್ಟು ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದ ಒಂದೇ ಒಂದು ಉಂಗುರದಲ್ಲಿ. ಕೆಲಸಕ್ಕೆ ಬರುವ ಜಾಗ ಅಷ್ಟೇ. ಅದು ಅಂಗಳವೇ ಹೌದು.

ಆ ಅಂಗಳಕ್ಕೆ ಭಾರತ ಮೊದಲು ಕಳಿಸಿದ ಉಪಗ್ರಹದ ಹೆಸರು ಆರ್ಯಭಟ. ಕಕ್ಷ್ಯೆಯ ಲೆಕ್ಕ ಬರೆದವನ ಹೆಸರನ್ನೇ ಕಕ್ಷೆಗೆ ಏರಿಸಿದರು. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಅದು ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಅದನ್ನು ಹೊತ್ತೊಯ್ದಿತು. ತೂಕ 360 ಕೆ.ಜಿ. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೈಕೊಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತವು. ಒಡಲು ಮಾತ್ರ ಸುತ್ತುತ್ತಲೇ ಇದ್ದು 1992ರ ಫೆಬ್ರುವರಿಯಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋಯಿತು. ನೋಟಿನ ಮೇಲೆ ಚಿತ್ರವಾಗಿ ಮನೆಮನೆಗೆ ಬಂದ ಉಪಗ್ರಹ ತನ್ನ ಆಯುಷ್ಯದ ಬಹುಭಾಗವನ್ನು ಕೆಲಸವಿಲ್ಲದ ವಸ್ತುವಾಗಿ ಕಳೆಯಿತು. ಇದು ಹೀಯಾಳಿಕೆಯಲ್ಲ. ಆಗ ಎಲ್ಲ ದೇಶಗಳ ರೀತಿಯೂ ಅದೇ: ಏರಿಸುವುದಕ್ಕೆ ಯೋಜನೆ, ಇಳಿಸುವುದಕ್ಕೆ ವಿಧಿ.

ಹೀಗೆ ಉಳಿದವುಗಳಿಗೆ ಪತ್ರಿಕೆಗಳು ‘ಬಾಹ್ಯಾಕಾಶ ಕಸ’, ‘ತ್ಯಾಜ್ಯ’, ‘ಅವಶೇಷ’ ಎಂದು ಬರೆಯುತ್ತವೆ. ಮೂರೂ ನನಗೆ ಒಪ್ಪಿಗೆಯಿಲ್ಲ. ಅವಶೇಷ ಎಂದರೆ ಹಂಪೆಯ ನೆನಪಾಗುತ್ತದೆ, ತ್ಯಾಜ್ಯ ಕಚೇರಿಯ ಪದ. ಕಸ ಎಂಬುದರ ತೊಂದರೆ ಬೇರೆ. ಕಸ ಹಾಕಿದಲ್ಲಿ ಬಿದ್ದಿರುತ್ತದೆ, ಗುಡಿಸುವವರೆಗೂ ಅಷ್ಟೇ ಇರುತ್ತದೆ. ಮೇಲಿರುವುದು ಹಾಗಲ್ಲ, ಅದು ಬೀಜ ಬಿಡುತ್ತದೆ. (ಉತ್ತರ ಕರ್ನಾಟಕದ ರೈತರು ಹೊಲದ ಕಳೆಗೇ ಕಸ ಎನ್ನುತ್ತಾರೆ, ಅವರ ಅರ್ಥದಲ್ಲಾದರೆ ಪದ ಸರಿಹೋದೀತು.) 1978ರಲ್ಲಿ ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೈ ತೋರಿಸಿದ್ದು ಇದನ್ನೇ. ಒಂದು ಎತ್ತರದಲ್ಲಿ ವಸ್ತುಗಳ ಸಂದಣಿ ಮಿತಿ ಮೀರಿದರೆ ಹೊಸದಾಗಿ ಏನನ್ನೂ ಹಾರಿಸದಿದ್ದರೂ ಡಿಕ್ಕಿಯಿಂದ ಚೂರು, ಚೂರಿನಿಂದ ಡಿಕ್ಕಿ ಎಂದು ಸಂಖ್ಯೆ ತಾನಾಗಿ ಬೆಳೆಯುತ್ತದೆ. ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಓಡುವಾಗ ಗೋಲಿಯಷ್ಟು ಚೂರೂ ಉಪಗ್ರಹವನ್ನು ಒಡೆಯಬಲ್ಲದು.

ಅವರ ಮಾತು ಮೂವತ್ತು ವರ್ಷ ಕಾಗದದಲ್ಲೇ ಇತ್ತು. 2007ರ ಜನವರಿ 11ರಂದು ಚೀನಾ ತನ್ನದೇ ಹವಾಮಾನ ಉಪಗ್ರಹ ಫೆಂಗ್‌ಯುನ್-1ಸಿಯನ್ನು ಕ್ಷಿಪಣಿಯಿಂದ ಒಡೆಯಿತು. ಗುರುತಿಸಬಲ್ಲ ಚೂರುಗಳೇ 3,000ಕ್ಕೂ ಹೆಚ್ಚು. 2009ರ ಫೆಬ್ರುವರಿ 10ರಂದು ಸೈಬೀರಿಯಾದ ಮೇಲೆ ಕೆಲಸದಲ್ಲಿದ್ದ ಅಮೆರಿಕದ ಇರಿಡಿಯಂ-33ಕ್ಕೆ ಸತ್ತುಹೋಗಿದ್ದ ರಷ್ಯದ ಕಾಸ್ಮೋಸ್-2251 ಬಡಿಯಿತು. ಇಡಿಯಾದ ಎರಡು ಉಪಗ್ರಹಗಳು ಆಕಸ್ಮಿಕವಾಗಿ ಹೀಗೆ ಡಿಕ್ಕಿ ಹೊಡೆದದ್ದು ಅದೇ ಮೊದಲು. ಈಗ ರಾಡಾರುಗಳು ಹಿಂಬಾಲಿಸುತ್ತಿರುವ ವಸ್ತುಗಳು ಸುಮಾರು 40,000. ಒಂದು ಸೆಂಟಿಮೀಟರ್‌ಗಿಂತ ದೊಡ್ಡ ಚೂರುಗಳು 10 ಲಕ್ಷಕ್ಕೂ ಹೆಚ್ಚೆಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಅಂದಾಜು.

1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಮೋಡವಿಲ್ಲದ ಬೇಸಿಗೆಯ ಮುಸ್ಸಂಜೆ ಸ್ವಲ್ಪ ಹೊತ್ತು ತಲೆಯೆತ್ತಿ ನಿಂತರೆ ನಕ್ಷತ್ರಗಳ ನಡುವೆ ಸದ್ದಿಲ್ಲದೆ ಸರಿಯುವ ಚುಕ್ಕೆಗಳು ಕಾಣುತ್ತವೆ. ಒಂದೇ ಸಮನೆ ಬೆಳಗುತ್ತ ಹೋದರೆ ಅದು ಹದ್ದುಬಸ್ತಿನಲ್ಲಿರುವ ಉಪಗ್ರಹವಿರಬಹುದು. ಮಿನುಗಿ ಮಂಕಾಗಿ ಮತ್ತೆ ಮಿನುಗುತ್ತ ಹೋದರೆ ಬಹುಮಟ್ಟಿಗೆ ಉರುಳಾಡುತ್ತಿರುವ ಖಾಲಿ ರಾಕೆಟ್ ಹಂತ. ಅದು ಯಾವಾಗ ಬೀಳುತ್ತದೆ ಎಂಬುದು ಎತ್ತರವನ್ನು ಅವಲಂಬಿಸಿದೆ. 300–400 ಕಿ.ಮೀ.ಯಲ್ಲಿ ಗಾಳಿ ಎನ್ನಲಾಗದಷ್ಟು ವಿರಳವಾದ ಗಾಳಿಯಿದೆ, ಅದರ ಉಜ್ಜಾಟಕ್ಕೆ ಕೆಲವು ತಿಂಗಳಲ್ಲೋ ವರ್ಷಗಳಲ್ಲೋ ವಸ್ತು ಕೆಳಗಿಳಿಯುತ್ತದೆ. ಸೂರ್ಯ ಕೆರಳಿದ ವರ್ಷಗಳಲ್ಲಿ ವಾತಾವರಣ ಉಬ್ಬಿ ಈ ಕೆಲಸ ಚುರುಕಾಗುತ್ತದೆ. 800 ಕಿ.ಮೀ. ದಾಟಿದರೆ ಶತಮಾನಗಳ ಮಾತು. 2019ರ ಮಾರ್ಚ್ 27ರಂದು ನಮ್ಮ ಡಿಆರ್‌ಡಿಒ ಮಿಷನ್ ಶಕ್ತಿಯಲ್ಲಿ ಉಪಗ್ರಹ ಒಡೆದಾಗ ಸುಮಾರು 300 ಕಿ.ಮೀ. ಎತ್ತರವನ್ನು ಆರಿಸಿಕೊಂಡದ್ದು ಚೂರುಗಳು ಬೇಗ ಬೀಳಲೆಂದೇ. ಬಿದ್ದವು ನಿಜ, ಆದರೆ ಕೆಲವು ಚೂರುಗಳು ಹೊಡೆತಕ್ಕೆ ಮೇಲಕ್ಕೆ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚು ಕಾಲ ಸುತ್ತಿದವು. ಕಳೆ ಒಡೆಯನ ಲೆಕ್ಕದಂತೆ ಬೆಳೆಯುವುದಿಲ್ಲ.

ಕೀಳುವ ಕೆಲಸವನ್ನೂ ಹೇಳಬೇಕು. 2007ರ ಜನವರಿಯಲ್ಲಿ 635 ಕಿ.ಮೀ.ಗೆ ಏರಿದ್ದ ಕಾರ್ಟೊಸ್ಯಾಟ್-2 ತನ್ನಷ್ಟಕ್ಕೆ ಬೀಳಲು ಮೂವತ್ತು ವರ್ಷ ಹಿಡಿಯುತ್ತಿತ್ತು. ಉಳಿದ ಇಂಧನ ಬಳಸಿ ಇಸ್ರೊ 2020ರಲ್ಲೇ ಅದನ್ನು 380 ಕಿ.ಮೀ.ಗೆ ಇಳಿಸಿತು, 2024ರ ಫೆಬ್ರುವರಿ 14ರಂದು ಹಿಂದೂ ಮಹಾಸಾಗರದ ಮೇಲೆ ಅದು ಮುಗಿಯಿತು. ಅದಕ್ಕೂ ಮೊದಲು, 2023ರ ಮಾರ್ಚ್ 7ರಂದು, ಫ್ರಾನ್ಸಿನೊಡನೆ ಸೇರಿ ಹಾರಿಸಿದ್ದ ಸುಮಾರು 1,000 ಕೆ.ಜಿ.ಯ ಮೇಘಾ-ಟ್ರಾಪಿಕ್ಸ್‌ಅನ್ನು ಪೆಸಿಫಿಕ್ ಸಾಗರದ ನಿರ್ಜನ ಭಾಗಕ್ಕೆ ಗುರಿಯಿಟ್ಟು ಇಳಿಸಿದರು. ಹಾಗೆ ಇಳಿಸುವುದಕ್ಕೆಂದು ಕಟ್ಟಿದ ಉಪಗ್ರಹವೇ ಅದಲ್ಲ, ಟ್ಯಾಂಕಿನಲ್ಲಿ 125 ಕೆ.ಜಿ.ಯಷ್ಟು ಇಂಧನ ಉಳಿದಿತ್ತು ಎಂಬುದೊಂದೇ ಧೈರ್ಯ. ಪೀಣ್ಯದಲ್ಲೇ ಈಗ ಡಿಕ್ಕಿಯ ಸಂಭವವನ್ನು ಹಗಲಿರುಳು ಲೆಕ್ಕಹಾಕುವ ಕೇಂದ್ರವಿದೆ. 2023ರ ಜುಲೈ 14ರಂದು ಚಂದ್ರಯಾನ-3 ನಿಗದಿಗಿಂತ ನಾಲ್ಕು ಸೆಕೆಂಡು ತಡವಾಗಿ ಹೊರಟದ್ದು ಇಂಥ ಲೆಕ್ಕದಿಂದಲೇ. ಟಿ.ವಿ. ಮುಂದೆ ಕೂತಿದ್ದ ನಾವು ಯಾರೂ ಗಮನಿಸಲಿಲ್ಲ.

ಗಿರಿಯಿಂದ ಇಳಿದು ಬೇಲೂರು ದಾಟಿದರೆ ಹಾಸನ. ಸಾಲಗಾಮೆ ರಸ್ತೆಯ ದೊಡ್ಡ ಬಿಳಿ ಆಂಟೆನಾಗಳನ್ನು ನೋಡದ ಹಾಸನದವರಿಲ್ಲ. ಇನ್‌ಸ್ಯಾಟ್ ಸಾಲಿನ ಉಪಗ್ರಹಗಳನ್ನು 1982ರಿಂದ ಅಲ್ಲಿನ ಮುಖ್ಯ ನಿಯಂತ್ರಣ ಕೇಂದ್ರ ಕಾಯುತ್ತಿದೆ. 36,000 ಕಿ.ಮೀ. ಎತ್ತರದ ಉಂಗುರ ಅಕ್ಷರಶಃ ಕಕ್ಷ್ಯೆ, ಅಂಗಳಗಳ ಸಾಲು. ಇಂಥ ಡಿಗ್ರಿಯಲ್ಲಿ ಇಂಥವರು ಎಂದು ಜಾಗ ಹಂಚಿಕೆಯಾಗಿದೆ. ಅಲ್ಲಿ ಗಾಳಿಯ ಉಜ್ಜಾಟವಿಲ್ಲ, ಬಿಟ್ಟದ್ದು ಲಕ್ಷಾಂತರ ವರ್ಷವಾದರೂ ಬೀಳುವುದಿಲ್ಲ. ಹಾಸನಕ್ಕೆ ಸಿಕ್ಕ ಮೊದಲ ಕೂಸೇ ಕಹಿ ಅನುಭವ: 1982ರ ಏಪ್ರಿಲ್‌ನಲ್ಲಿ ಏರಿದ ಇನ್‌ಸ್ಯಾಟ್-1ಎ ಸೆಪ್ಟೆಂಬರಿನ ಹೊತ್ತಿಗೆ ಇಂಧನ ಬರಿದಾಗಿ ಹಿಡಿತ ತಪ್ಪಿತು. ಜಾಗ ತೆರವು ಮಾಡಿಸಲು ಬೇಕಾದದ್ದೂ ಇಂಧನವೇ.

ಆ ಪಾಠ ವ್ಯರ್ಥವಾಗಲಿಲ್ಲ. 2007ರಲ್ಲಿ ಹಾರಿದ ಇನ್‌ಸ್ಯಾಟ್-4ಬಿಯನ್ನು 2022ರ ಜನವರಿಯಲ್ಲಿ ಹನ್ನೊಂದು ಸಲ ಎಂಜಿನ್ ಉರಿಸಿ ಉಂಗುರಕ್ಕಿಂತ 340 ಕಿ.ಮೀ. ಮೇಲಕ್ಕೆ ದಾಟಿಸಿ, ಜನವರಿ 24ರಂದು ಆರಿಸಿದರು. ಹೀಗೆ ತೆರವಾದ ಭಾರತದ 21ನೆಯ ಉಪಗ್ರಹ ಅದು. ಆ ಮೇಲಿನ ಜಾಗಕ್ಕೆ ಕನ್ನಡದಲ್ಲಿ ‘ಸ್ಮಶಾನ ಕಕ್ಷೆ’ ಎಂದು ಬರೆಯುವ ರೂಢಿ ಬಿದ್ದಿದೆ. ನಮ್ಮ ಸ್ಮಶಾನದಲ್ಲಿ ಸುಟ್ಟದ್ದು ಬೂದಿಯಾಗುತ್ತದೆ, ಹೂತದ್ದು ಮಣ್ಣಾಗುತ್ತದೆ. ಅಲ್ಲಿ ಯಾವುದೂ ಏನೂ ಆಗುವುದಿಲ್ಲ, ಇದ್ದ ಹಾಗೇ ಇರುತ್ತದೆ. ಒಡೆಯ ಕೈಬಿಟ್ಟ ತೋಟಕ್ಕೆ ಪಾಳು ಎನ್ನುವುದಿಲ್ಲವೇ? ‘ಪಾಳುಕಕ್ಷೆ’ ಎಂದರೆ ನಾಲಿಗೆಗೂ ಹಗುರ, ಅರ್ಥಕ್ಕೂ ಹತ್ತಿರ.

ಪಾಳಿಗೂ ಪಹಣಿಯಲ್ಲಿ ಒಡೆಯನಿರುತ್ತಾನೆ. ಪದದ ಕೊನೆಯ ಕವಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಕಕ್ಷ ಎಂದರೆ ಮಗ್ಗುಲು, ಪಕ್ಕ. ಮಗ್ಗುಲಿನಿಂದ ಬಣ, ಬಣದಿಂದ ನಮ್ಮ ಕೋರ್ಟಿನ ‘ಕಕ್ಷಿ’, ‘ಕಕ್ಷಿದಾರ’. ತೆಲುಗಿನಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಕಕ್ಷ’ ಎಂದರೆ ಹಗೆ ಎಂದೇ ಆಗಿದೆ. ಕಕ್ಷೆಯಲ್ಲಿ ಕಕ್ಷಿದಾರರ ಪ್ರಶ್ನೆ ಎತ್ತಿದರೆ ಉತ್ತರ 1967ರ ಬಾಹ್ಯಾಕಾಶ ಒಪ್ಪಂದದ ಎಂಟನೆಯ ವಿಧಿಯಲ್ಲಿದೆ. ಯಾವ ದೇಶದ ನೋಂದಣಿಯಲ್ಲಿದೆಯೋ ಆ ದೇಶಕ್ಕೇ ವಸ್ತುವಿನ ಮೇಲಿನ ಅಧಿಕಾರ, ಅದು ಸತ್ತ ಮೇಲೂ, ಚೂರಾದ ಮೇಲೂ. ಸಮುದ್ರದಲ್ಲಿ ತೇಲುವ ಮುರುಕು ಹಡಗನ್ನು ಎಳೆತಂದವನಿಗೆ ಪಾಲು ಸಿಗುವ ಕಾನೂನಿದೆ. ಮೇಲೆ ಅದಿಲ್ಲ. ಪಕ್ಕದ ತೋಟದ ಕಳೆ ಬೀಜ ಸಿಡಿಸಿ ನಮ್ಮ ತೋಟಕ್ಕೆ ಬಂದರೂ ಬೇಲಿ ದಾಟಿ ಕೀಳುವ ಹಕ್ಕು ನಮಗಿಲ್ಲ. ನೆಲಕ್ಕೆ ಬಿದ್ದು ಹಾನಿಯಾದರೆ ತಪ್ಪು ತೋರಿಸದೆಯೂ ಪರಿಹಾರ ಕೇಳಬಹುದು, ಮೇಲೆ ಹಾನಿಯಾದರೆ ಒಡೆಯನ ತಪ್ಪನ್ನು ಸಾಬೀತುಪಡಿಸಬೇಕು. 1978ರಲ್ಲಿ ಅಣುಶಕ್ತಿಯ ಕಾಸ್ಮೋಸ್-954 ಕೆನಡಾದಲ್ಲಿ ಬಿದ್ದಾಗ ಸೋವಿಯತ್ ಒಕ್ಕೂಟ ಕೊನೆಗೆ 30 ಲಕ್ಷ ಕೆನಡಿಯನ್ ಡಾಲರ್ ತೆತ್ತಿತು.

ಹಾಗಾಗಿ ಈವರೆಗೆ ಕೀಳಲು ಹೊರಟವರೆಲ್ಲ ತಮ್ಮದೇ ಕಳೆಯ ಹಿಂದೆ ಹೋಗಿದ್ದಾರೆ. ಜಪಾನಿನ ಆಸ್ಟ್ರೋಸ್ಕೇಲ್ ಕಂಪನಿಯ ನೌಕೆ 2024ರಲ್ಲಿ ಜಪಾನಿನದೇ ಹಳೆಯ ರಾಕೆಟ್ ಹಂತದ 15 ಮೀಟರ್ ಹತ್ತಿರಕ್ಕೆ ಹೋಗಿ ನೋಡಿಬಂತು, ಮುಟ್ಟಲಿಲ್ಲ. ಯುರೋಪಿನ ಕ್ಲಿಯರ್‌ಸ್ಪೇಸ್-1 ಯೋಜನೆಯವರು ಮೊದಲು ಆರಿಸಿಕೊಂಡಿದ್ದ ತಮ್ಮದೇ ರಾಕೆಟ್ ಭಾಗಕ್ಕೆ 2023ರಲ್ಲಿ, ಬಹುಶಃ ಬೇರೆ ಯಾವುದೋ ಚೂರು ಬಡಿದು, ಸುತ್ತ ಹೊಸ ಚೂರುಗಳು ಕಂಡವು. ಅವರು ಗುರಿ ಬದಲಿಸಿ ತಮ್ಮ ಇನ್ನೊಂದು ಹಳೆಯ ಉಪಗ್ರಹ ಪ್ರೋಬಾ-1ನ್ನು ಆರಿಸಿಕೊಂಡರು.

ಆ ಪ್ರೋಬಾ-1 ಹೋದದ್ದು ನಮ್ಮ ರಾಕೆಟ್ಟಿನಲ್ಲಿ. 2001ರ ಅಕ್ಟೋಬರ್ 22ರಂದು ಶ್ರೀಹರಿಕೋಟೆಯಿಂದ ಏರಿದ ಪಿಎಸ್‌ಎಲ್‌ವಿ-ಸಿ3, ನಮ್ಮ ಟಿಇಎಸ್ ಉಪಗ್ರಹದ ಜೊತೆಗೆ ಅದನ್ನೂ ಹೊತ್ತೊಯ್ದಿತ್ತು. ಎರಡೇ ತಿಂಗಳಲ್ಲಿ, ಡಿಸೆಂಬರ್ 19ರಂದು, ಮೇಲುಳಿದಿದ್ದ ಆ ರಾಕೆಟ್ಟಿನ ಕೊನೆಯ ಹಂತ ಸಿಡಿದು 300ಕ್ಕೂ ಹೆಚ್ಚು ಚೂರುಗಳಾಯಿತು. ಮರುವರ್ಷದ ಪಿಎಸ್‌ಎಲ್‌ವಿ-ಸಿ4ರಿಂದ ಇಸ್ರೊ ಕೊನೆಯ ಹಂತದಲ್ಲಿ ಉಳಿದ ಇಂಧನವನ್ನು ಹೊರಬಿಟ್ಟು ಬರಿದು ಮಾಡುವ ಕ್ರಮ ತಂದಿತು. 2030ರ ಹೊತ್ತಿಗೆ ಭಾರತದ ಯಾವ ಹಾರಾಟವೂ ಮೇಲೆ ಏನನ್ನೂ ಉಳಿಸಬಾರದೆಂದು 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಭೆಯಲ್ಲಿ ಘೋಷಣೆಯೂ ಆಗಿದೆ. ಅದು ಮುಂದೆ ಬಿತ್ತುವುದರ ಮಾತು. ಪ್ರಯಾಣಿಕನಾಗಿ ಹೋದ ಪ್ರೋಬಾ-1ನ್ನು ಅದರ ಒಡೆಯರು ಇಳಿಸಲು ಹೊರಟಿದ್ದಾರೆ. ಅದನ್ನು ಹೊತ್ತೊಯ್ದ ಹಂತದ ಚೂರುಗಳಲ್ಲಿ ಬಹಳಷ್ಟು ಬಿದ್ದುಹೋಗಿವೆ, ಒಂದಷ್ಟು ಇನ್ನೂ ಸುತ್ತುತ್ತಿವೆ. ಅವುಗಳ ಖಾತೆ ನಮ್ಮ ಹೆಸರಿನಲ್ಲಿದೆ.